ಮೆದುಳಿನ ಹಿಂಭಾಗಕ್ಕೆ ಬೈಪಾಸ್: ಓದುಗರ ಪ್ರಶ್ನೆಗಳು, ವೈದ್ಯರ ಉತ್ತರಗಳು

ಮೆದುಳಿನ ಹಿಂಭಾಗದ ರಕ್ತಸಂಚಾರ ಮತ್ತು ಅದಕ್ಕಾಗಿ ಮಾಡುವ ಬೈಪಾಸ್ ಶಸ್ತ್ರಚಿಕಿತ್ಸೆಯ ಕುರಿತು ಓದುಗರು ಬರೆದ ಪತ್ರಗಳಲ್ಲಿ ಆರನ್ನು ಆಯ್ದುಕೊಂಡು, ನರಶಸ್ತ್ರಚಿಕಿತ್ಸಕರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಕಳೆದ ಐದು ತಿಂಗಳಲ್ಲಿ ನಾಲ್ಕು ಸಲ, ಕುಳಿತಲ್ಲಿಂದ ಎದ್ದ ಕೂಡಲೇ ಎದುರಿಗಿದ್ದವರು ಇಬ್ಬಿಬ್ಬರಾಗಿ ಕಂಡು, ಮಾತು ತೊದಲಿ, ಹೆಜ್ಜೆ ತಪ್ಪಿ, ಹತ್ತು ನಿಮಿಷಗಳಲ್ಲಿ ಎಲ್ಲವೂ ಸರಿಹೋಗಿದೆ. ಕುತ್ತಿಗೆಯ ಹಿಂಬದಿಯಿಂದ ಮೆದುಳಿಗೆ ಹೋಗುವ ಎರಡು ರಕ್ತನಾಳಗಳಲ್ಲಿ ಒಂದು ಪೂರ್ತಿ ಮುಚ್ಚಿದೆ, ಇನ್ನೊಂದು ತಲೆಬುರುಡೆಯ ಒಳಗೆ ತುಂಬ ಕಿರಿದಾಗಿದೆ ಎಂದು ಆಂಜಿಯೋಗ್ರಾಮ್‌ನಲ್ಲಿ ಬಂದಿದೆ. ಒಬ್ಬ ವೈದ್ಯರು ಬೈಪಾಸ್ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆಗಳೇ ಸಾಕು ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?

ಉತ್ತರ: ಇಬ್ಬರು ವೈದ್ಯರೂ ತಪ್ಪು ಹೇಳುತ್ತಿಲ್ಲ, ಅವರಿಬ್ಬರ ನಡುವಿನ ತೀರ್ಮಾನಕ್ಕೆ ಬೇಕಾದ ಒಂದು ಪರೀಕ್ಷೆ ಇನ್ನೂ ಆಗಿಲ್ಲವೆಂದು ನಿಮ್ಮ ಪತ್ರದಿಂದ ನನಗೆ ತೋರುತ್ತದೆ. ಅದು ಯಾವುದೆಂದು ಹೇಳುವ ಮೊದಲು ಈ ರಕ್ತನಾಳಗಳ ದಾರಿಯನ್ನು ವಿವರಿಸಬೇಕಾಗುತ್ತದೆ.

ಮೆದುಳಿಗೆ ನಾಲ್ಕು ಅಪಧಮನಿಗಳು ರಕ್ತ ಒಯ್ಯುತ್ತವೆ. ಕುತ್ತಿಗೆಯ ಮುಂಭಾಗದಲ್ಲಿ ಎರಡು ಕೆರೋಟಿಡ್ ಅಪಧಮನಿಗಳು, ಹಿಂಭಾಗದಲ್ಲಿ ಬೆನ್ನುಮೂಳೆಯ ಪಕ್ಕದ ರಂಧ್ರಗಳೊಳಗಿಂದ ಮೇಲೇರುವ ಎರಡು ವರ್ಟಿಬ್ರಲ್ ಅಪಧಮನಿಗಳು. ಹಿಂದಿನ ಈ ಎರಡೂ ತಲೆಬುರುಡೆಯನ್ನು ಹೊಕ್ಕ ಮೇಲೆ ಒಂದಾಗಿ ಬೇಸಿಲರ್ ಎಂಬ ಒಂದೇ ನಾಳವಾಗುತ್ತವೆ. ಮೆದುಳಿಗೆ ಹೋಗುವ ಒಟ್ಟು ರಕ್ತದ ಸುಮಾರು ಐದನೆಯ ಒಂದು ಭಾಗ ಮಾತ್ರ ಈ ಹಿಂದಿನ ದಾರಿಯಲ್ಲಿ ಹೋಗುತ್ತದೆಯಾದರೂ, ಅದು ತಲುಪುವ ಜಾಗ ಅತ್ಯಂತ ಸೂಕ್ಷ್ಮವಾದುದು. ಉಸಿರಾಟ, ಎಚ್ಚರ, ನುಂಗುವಿಕೆ ಇವುಗಳನ್ನು ನಡೆಸುವ ಮೆದುಳುಕಾಂಡ, ನಡಿಗೆಯ ಸಮತೋಲ ಕಾಯುವ ಕಿರುಮೆದುಳು, ಕಣ್ಣು ಕಂಡದ್ದನ್ನು ಅರ್ಥೈಸುವ ಹಿಂಬದಿಯ ಹಾಲೆ ಎಲ್ಲವೂ ಇದನ್ನೇ ನಂಬಿಕೊಂಡಿವೆ. ಮುಂದಿನ ಮತ್ತು ಹಿಂದಿನ ರಕ್ತಸಂಚಾರಗಳನ್ನು ಜೋಡಿಸುವ ಸಣ್ಣ ನಾಳಗಳು ಮೆದುಳಿನ ಬುಡದಲ್ಲಿ ಇವೆ. 1664ರಲ್ಲಿ ಥಾಮಸ್ ವಿಲಿಸ್ ವರ್ಣಿಸಿದ ಆ ಬಳೆಯಾಕಾರದ ಜೋಡಣೆ ಪುಸ್ತಕದ ಚಿತ್ರದಲ್ಲಿ ಪೂರ್ಣವಾಗಿ ಕಾಣುತ್ತದೆ. ಆದರೆ ಬಹಳ ಜನರಲ್ಲಿ ಅದರ ಒಂದೆರಡು ತುಂಡುಗಳು ದಾರದಷ್ಟು ತೆಳ್ಳಗಿರುತ್ತವೆ ಅಥವಾ ಇರುವುದೇ ಇಲ್ಲ. ಅದು ಚೆನ್ನಾಗಿರುವವರಲ್ಲಿ ಹಿಂದಿನ ಎರಡು ನಾಳಗಳೂ ಕೆಟ್ಟರೂ ಮುಂದಿನ ರಕ್ತ ಹಿಂದಕ್ಕೆ ಹರಿದು ಕೊರತೆ ತುಂಬುತ್ತದೆ. ಅದು ದುರ್ಬಲವಾಗಿರುವವರಲ್ಲಿ ಹಾಗಾಗುವುದಿಲ್ಲ.

ನಾಳ ಕಿರಿದಾದಾಗ ಪಾರ್ಶ್ವವಾಯು ಎರಡು ಬಗೆಯಲ್ಲಿ ಬರಬಹುದು. ಕಿರಿದಾದ ಜಾಗದ ಒರಟು ಪದರದ ಮೇಲೆ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮುಂದಕ್ಕೆ ಸಾಗಿ ಸಣ್ಣ ನಾಳವನ್ನು ಮುಚ್ಚುವುದು ಒಂದು ಬಗೆ. ಹರಿವೇ ಸಾಲದೆ ಮುಂದಿನ ಮೆದುಳು ಹಸಿದು ಉಳಿಯುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಮದ್ದು ಮಾತ್ರೆಗಳೇ ಹೊರತು ಬೈಪಾಸ್ ಅಲ್ಲ. ಬೈಪಾಸ್ ಇರುವುದು ಎರಡನೆಯದಕ್ಕಾಗಿ. ನನ್ನ ವೃತ್ತಿಯಲ್ಲಿ ಈ ಭೇದವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಏಕೆಂದರೆ ಆಂಜಿಯೋಗ್ರಾಮ್ ಚಿತ್ರದಲ್ಲಿ ಕಾಣುವ ಶೇಕಡಾವಾರು ಕಿರಿತನ ಇದನ್ನು ಹೇಳುವುದಿಲ್ಲ. ಚಿತ್ರದಲ್ಲಿ ಭೀಕರವಾಗಿ ಕಿರಿದಾದ ನಾಳದ ಆಚೆಗೂ ಬೇರೆ ದಾರಿಯಿಂದ ಸಾಕಷ್ಟು ರಕ್ತ ಬರುತ್ತಿರಬಹುದು.

ನಿಮ್ಮ ತಂದೆಯವರಿಗೆ ತೊಂದರೆ ಕಾಣಿಸಿಕೊಂಡದ್ದು ನಾಲ್ಕು ಸಲವೂ ಎದ್ದು ನಿಂತಾಗಲೇ ಎಂದು ನೀವು ಗಮನಿಸಿ ಬರೆದಿದ್ದೀರಿ. ಆ ಒಂದು ಸಾಲು ನನಗೆ ಬಹಳ ಹೇಳಿತು. ಎದ್ದು ನಿಂತಾಗ ಒತ್ತಡ ಕ್ಷಣಕಾಲ ಇಳಿಯುತ್ತದೆ; ಆ ಇಳಿತದೊಂದಿಗೇ ಲಕ್ಷಣಗಳು ಬರುತ್ತವೆ ಎಂದರೆ ಹರಿವಿನ ಕೊರತೆಯನ್ನು ಗಂಭೀರವಾಗಿ ಶಂಕಿಸಬೇಕು. ಹಾಗಾಗಿ ಹರಿವನ್ನೇ ಅಳೆಯುವ ಪರೀಕ್ಷೆ ಆಗಲಿ ಎಂಬುದು ನನ್ನ ಸಲಹೆ. ಒಂದೊಂದು ನಾಳದಲ್ಲೂ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಹರಿಯುತ್ತಿದೆ ಎಂದು ಲೆಕ್ಕಹಾಕುವ ವಿಶೇಷ ಎಂಆರ್ ಆಂಜಿಯೋಗ್ರಫಿ ಇದೆ. ಅದು ಸಿಗದಿದ್ದರೆ, ಅಸೆಟಜೋಲಮೈಡ್ ಎಂಬ ಔಷಧ ಕೊಟ್ಟು ಮೆದುಳಿನ ನಾಳಗಳು ಇನ್ನೂ ಹಿಗ್ಗಬಲ್ಲವೇ, ಇಲ್ಲ ಆಗಲೇ ಪೂರ್ತಿ ಹಿಗ್ಗಿ ಸೋತಿವೆಯೇ ಎಂದು ನೋಡುವ ಸ್ಕ್ಯಾನ್ ಮಾಡಬಹುದು. ಈ ಅಳತೆಗೆ ಬೆಲೆಯಿದೆ ಎಂಬುದನ್ನು 2016ರಲ್ಲಿ ಪ್ರಕಟವಾದ ವೆರಿಟಾಸ್ ಎಂಬ ಅಧ್ಯಯನ ತೋರಿಸಿತು. ಹಿಂದಿನ ನಾಳಗಳು ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಕಿರಿದಾಗಿದ್ದು ಲಕ್ಷಣಗಳೂ ಇದ್ದ 72 ಜನರನ್ನು ಅದರಲ್ಲಿ ಗಮನಿಸಲಾಯಿತು. ಹರಿವು ಸಾಕಷ್ಟಿದ್ದವರಲ್ಲಿ ಶೇಕಡಾ 96ರಷ್ಟು ಜನ ಒಂದು ವರ್ಷವನ್ನು ಆ ಭಾಗದ ಪಾರ್ಶ್ವವಾಯು ಇಲ್ಲದೆ ಕಳೆದರೆ, ಹರಿವು ಕಡಿಮೆಯಿದ್ದವರಲ್ಲಿ ಆ ಪ್ರಮಾಣ ಶೇಕಡಾ 78 ಮಾತ್ರ.

ಹರಿವು ಸಾಕಷ್ಟಿದೆ ಎಂದು ಬಂದರೆ ಮಾತ್ರೆಗಳಲ್ಲೇ ಮುಂದುವರಿಯುವುದು ಒಳ್ಳೆಯದು. ಆಸ್ಪಿರಿನ್, ಅದರ ಜೊತೆಗೆ ವೈದ್ಯರು ಹೇಳಿದಷ್ಟು ಕಾಲ ಕ್ಲೋಪಿಡೊಗ್ರೆಲ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಸಕ್ಕರೆಯ ಹತೋಟಿ, ಧೂಮಪಾನವಿದ್ದರೆ ಅದಕ್ಕೆ ಪೂರ್ಣವಿರಾಮ. ಹರಿವು ಕಡಿಮೆಯಿದೆ ಎಂದು ಬಂದು, ಈ ಎಲ್ಲ ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ಲಕ್ಷಣಗಳು ಮರುಕಳಿಸುತ್ತಿದ್ದರೆ ಬೈಪಾಸ್ ಮಾತು ಆಗ ಬರುತ್ತದೆ. ಈ ನಡುವೆ ಒಂದು ಕೆಲಸವನ್ನು ಇಂದೇ ಮಾಡಿ: ತಂದೆಯವರ ಬಿ.ಪಿ.ಯನ್ನು ಮಲಗಿದಾಗ ಒಮ್ಮೆ, ನಿಂತ ಎರಡು ಮೂರು ನಿಮಿಷದೊಳಗೆ ಒಮ್ಮೆ ಅಳೆಸಿ ಬರೆದಿಟ್ಟು ನಿಮ್ಮ ವೈದ್ಯರಿಗೆ ತೋರಿಸಿ. ಹರಿವು ಕಡಿಮೆಯಿರುವವರಲ್ಲಿ ಒತ್ತಡವನ್ನು ಅತಿಯಾಗಿ, ಅವಸರವಾಗಿ ಇಳಿಸಿದರೆ ಲಕ್ಷಣಗಳು ಹೆಚ್ಚಾಗುವುದುಂಟು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ಮತ್ತು ಹೊತ್ತನ್ನು ಬದಲಾಯಿಸುವುದು ವೈದ್ಯರ ಕೆಲಸ. ಮುಂದಿನ ಸಲ ಅಂಥ ಲಕ್ಷಣ ಬಂದಾಗ ಹತ್ತು ನಿಮಿಷ ಕಾದು ನೋಡಲೂ ಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಏಕೆಂದರೆ ನಾಳ ಆ ಹೊತ್ತಿನಲ್ಲಿ ಮುಚ್ಚಿಕೊಂಡಿದ್ದರೆ ಮಾಡಬೇಕಾದದ್ದು ಹೆಪ್ಪು ಕರಗಿಸುವ ಚುಚ್ಚುಮದ್ದು ಅಥವಾ ತೂರುನಳಿಕೆಯಿಂದ ಹೆಪ್ಪನ್ನು ಹೊರತೆಗೆಯುವ ತುರ್ತು ಚಿಕಿತ್ಸೆ. ಯೋಜಿಸಿ ಮಾಡುವ ಬೈಪಾಸ್ ಆ ಗಂಟೆಯ ಚಿಕಿತ್ಸೆಯಲ್ಲ.

ಪ್ರಶ್ನೆ: ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗಲೆಲ್ಲ ನನಗೆ ತಲೆ ಗಿರ್ರೆನ್ನುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ. ಮೆದುಳಿನ ಹಿಂಭಾಗಕ್ಕೆ ರಕ್ತ ಕಡಿಮೆಯಾಗಿದೆಯೇ? ನನಗೂ ಬೈಪಾಸ್ ಬೇಕಾದೀತೇ?

ಉತ್ತರ: ನೀವು ಬರೆದ ರೀತಿಯ ತಲೆಸುತ್ತು ಬಹುಮಟ್ಟಿಗೆ ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿದ್ದರಿಂದ ಬರುತ್ತದೆ, ಕಿವಿ ತಜ್ಞರು ತಲೆಯನ್ನು ಕ್ರಮವಾಗಿ ತಿರುಗಿಸಿ ಅದನ್ನು ಸರಿಪಡಿಸುತ್ತಾರೆ. ತಲೆಸುತ್ತಿನ ಜೊತೆಗೆ ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಮುಖ ಅಥವಾ ಕೈಕಾಲು ಜೋಮು ಹಿಡಿಯುವುದು, ಆಧಾರವಿಲ್ಲದೆ ನಿಲ್ಲಲಾಗದಿರುವುದು, ದೃಷ್ಟಿಯ ಒಂದು ಬದಿ ಮಾಯವಾಗುವುದು ಇವುಗಳಲ್ಲಿ ಒಂದಾದರೂ ಸೇರಿದರೆ, ಅಥವಾ ಸುತ್ತು ಎಡೆಬಿಡದೆ ಗಂಟೆಗಟ್ಟಲೆ ನಡೆದರೆ, ಮೆದುಳಿನ ಕಡೆ ನೋಡಲೇಬೇಕು.

ಪ್ರಶ್ನೆ: ಮೆದುಳಿನ ಬೈಪಾಸ್‌ನಿಂದ ಪ್ರಯೋಜನವಿಲ್ಲವೆಂದು ದೊಡ್ಡ ಅಧ್ಯಯನಗಳೇ ಹೇಳಿವೆ ಎಂದು ಓದಿದೆ. ಹಾಗಿದ್ದ ಮೇಲೆ ಅದನ್ನು ಏಕೆ ಮಾಡುತ್ತಾರೆ? ಹೃದಯಕ್ಕೆ ಹಾಕುವಂತೆ ಸ್ಟೆಂಟ್ ಹಾಕಬಾರದೇಕೆ?

ಉತ್ತರ: ನೀವು ಓದಿದ್ದು ನಿಜ. ತಲೆಚರ್ಮದ ಅಪಧಮನಿಯನ್ನು ಮೆದುಳಿನ ಅಪಧಮನಿಗೆ ಹೊಲಿಯುವ ಶಸ್ತ್ರಚಿಕಿತ್ಸೆಯನ್ನು ಯಾಸರ್ಗಿಲ್ ಅವರು 1967ರಲ್ಲಿ ಜ್ಯೂರಿಕ್‌ನಲ್ಲಿ ಮಾಡಿದ ಮೇಲೆ, ಹದಿನೆಂಟು ವರ್ಷಗಳ ಕಾಲ ಜಗತ್ತಿನ ಅನೇಕ ಕಡೆ ಅದು ಉತ್ಸಾಹದಿಂದ ಹಬ್ಬಿತು. 1985ರಲ್ಲಿ 1,377 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನವೊಂದು, ಆ ಶಸ್ತ್ರಚಿಕಿತ್ಸೆ ಪಾರ್ಶ್ವವಾಯುವನ್ನು ಔಷಧಕ್ಕಿಂತ ಹೆಚ್ಚು ತಡೆಯಲಿಲ್ಲವೆಂದು ಪ್ರಕಟಿಸಿತು. ಆ ಅಧ್ಯಯನ ಹರಿವನ್ನು ಅಳೆಯದೆಯೇ ರೋಗಿಗಳನ್ನು ಸೇರಿಸಿಕೊಂಡಿತ್ತು ಎಂಬ ಆಕ್ಷೇಪ ಬಂತು. ಆದ್ದರಿಂದ ಹರಿವಿನ ಕೊರತೆ ಸಾಬೀತಾದವರನ್ನೇ ಆಯ್ದ ಇನ್ನೊಂದು ಅಧ್ಯಯನ ನಡೆದು 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೊಲಿದ ನಾಳಗಳಲ್ಲಿ ಶೇಕಡಾ 98ರಷ್ಟು ತೆರೆದೇ ಇದ್ದವು. ಆದರೂ ಎರಡು ವರ್ಷಗಳ ಲೆಕ್ಕದಲ್ಲಿ ಪಾರ್ಶ್ವವಾಯು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 21, ಔಷಧದ ಗುಂಪಿನಲ್ಲಿ ಶೇಕಡಾ 22.7 ಆಗಿ ಹೆಚ್ಚುಕಡಿಮೆ ಸಮನಾಗಿಬಿಟ್ಟಿತು. ಕಾರಣ, ಶಸ್ತ್ರಚಿಕಿತ್ಸೆಯ ಮೊದಲ ತಿಂಗಳಲ್ಲೇ ಶೇಕಡಾ 14ಕ್ಕೂ ಹೆಚ್ಚು ಜನರಿಗೆ ಪಾರ್ಶ್ವವಾಯು ಆಗಿ, ಮುಂದಿನ ಲಾಭವನ್ನು ಅದು ತಿಂದುಹಾಕಿತು.

ಈ ಎರಡೂ ಅಧ್ಯಯನಗಳು ಮುಂದಿನ, ಅಂದರೆ ಕೆರೋಟಿಡ್ ಕಡೆಯ ರಕ್ತಸಂಚಾರಕ್ಕೆ ಸೇರಿದವು. ಹಾಗೆಂದು ಹಿಂಭಾಗಕ್ಕೆ ಅವು ಅನ್ವಯಿಸುವುದೇ ಇಲ್ಲವೆಂದು ಹೇಳಿ ನುಣುಚಿಕೊಳ್ಳುವುದು ನನಗೆ ಸಮ್ಮತವಲ್ಲ. ಹಿಂಭಾಗದ ಶಸ್ತ್ರಚಿಕಿತ್ಸೆ ಇನ್ನೂ ಆಳದ್ದು, ಇನ್ನೂ ಕಷ್ಟದ್ದು. ಆ ಅಂಕಿಗಳಿಂದ ನಾವು ಕಲಿಯಬೇಕಾದದ್ದು ಎರಡು: ಆಯ್ಕೆ ಬಿಗಿಯಾಗಿರಬೇಕು ಮತ್ತು ಈ ಕೆಲಸವನ್ನು ಮೇಲಿಂದ ಮೇಲೆ ಮಾಡುವ ತಂಡವೇ ಮಾಡಬೇಕು. ನಿಮ್ಮ ಶಸ್ತ್ರಚಿಕಿತ್ಸಕರನ್ನು, ಈ ಬಗೆಯ ಬೈಪಾಸ್ ಎಷ್ಟು ಮಾಡಿದ್ದೀರಿ, ಮೊದಲ ತಿಂಗಳಲ್ಲಿ ಎಷ್ಟು ಜನರಿಗೆ ತೊಂದರೆಯಾಯಿತು ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರಿಸುವುದು ಅವರ ಕರ್ತವ್ಯ.

ಸ್ಟೆಂಟ್ ವಿಷಯವೂ ಇದೇ ಪಾಠವನ್ನು ಹೇಳುತ್ತದೆ. ತಲೆಬುರುಡೆಯೊಳಗಿನ ಕಿರಿದಾದ ನಾಳಗಳಿಗೆ ಸ್ಟೆಂಟ್ ಹಾಕಿ ನೋಡಿದ, 2011ರಲ್ಲಿ ಪ್ರಕಟವಾದ ಸ್ಯಾಂಪ್ರಿಸ್ ಅಧ್ಯಯನದಲ್ಲಿ 30 ದಿನಗಳೊಳಗೆ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇಕಡಾ 14.7, ಬಿಗಿಯಾದ ಔಷಧ ಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 5.8. ಬೇಸಿಲರ್ ನಾಳದಿಂದ ಮೆದುಳುಕಾಂಡಕ್ಕೆ ಹೋಗುವ ಕೂದಲೆಳೆಯಂಥ ಕವಲುಗಳನ್ನು ಸ್ಟೆಂಟ್ ಒತ್ತಿ ಮುಚ್ಚಿಬಿಡುವ ಭಯ ಅಲ್ಲಿ ವಿಶೇಷವಾಗಿರುತ್ತದೆ. ವರ್ಟಿಬ್ರಲ್ ನಾಳ ಎದೆಯ ಮೇಲ್ಭಾಗದಲ್ಲಿ ಹುಟ್ಟುವ ಜಾಗದಲ್ಲೇ ಕಿರಿದಾಗಿದ್ದರೆ ಮಾತು ಬೇರೆ. ಅಲ್ಲಿ ಸ್ಟೆಂಟ್ ಹಾಕಬಹುದು, ಅಥವಾ ನಾಳವನ್ನು ಕತ್ತರಿಸಿ ಪಕ್ಕದ ಕೆರೋಟಿಡ್ ನಾಳಕ್ಕೆ ಹೊಲಿದು ಜೋಡಿಸಬಹುದು. ಆಗ ತಲೆಬುರುಡೆ ತೆರೆಯುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಈ ಶಸ್ತ್ರಚಿಕಿತ್ಸೆ ಗೊತ್ತುಪಡಿಸಿದ್ದಾರೆ. ಒಳಗೆ ಏನು ಮಾಡುತ್ತಾರೆ ಎಂಬುದು ತಿಳಿಯದೆ ಮನೆಯವರೆಲ್ಲರಿಗೂ ಭಯ. ದಯವಿಟ್ಟು ವಿವರಿಸಿ.

ಉತ್ತರ: ನಿಮ್ಮ ಕೈಯನ್ನು ಕಿವಿಯ ಹಿಂದೆ, ತಲೆಬುರುಡೆ ಕುತ್ತಿಗೆಗೆ ಸೇರುವ ಕಡೆ ಇಟ್ಟುಕೊಳ್ಳಿ. ಅಲ್ಲಿ ಸ್ನಾಯುಗಳ ಪದರಗಳ ನಡುವೆ ಹಾದು ತಲೆಯ ಹಿಂಬದಿಯ ಚರ್ಮಕ್ಕೆ ಏರುವ ಆಕ್ಸಿಪಿಟಲ್ ಅಪಧಮನಿ ಇದೆ. ತಲೆಚರ್ಮಕ್ಕೆ ರಕ್ತ ಕೊಡುವ ನಾಳಗಳು ಹಲವಾರು ಇರುವುದರಿಂದ ಇದೊಂದನ್ನು ಎರವಲು ಪಡೆಯಬಹುದು. ಇದರ ತುದಿಯನ್ನು ಕತ್ತರಿಸಿ, ಬುಡವನ್ನು ಹಾಗೆಯೇ ಉಳಿಸಿಕೊಂಡು, ಒಳಗೆ ಕಿರುಮೆದುಳಿನ ತಳದಲ್ಲಿ ಕುಣಿಕೆಯಂತೆ ಬಳಸುವ ಪೈಕಾ ಎಂಬ ನಾಳದ ಪಕ್ಕಕ್ಕೆ ಹೊಲಿಯುವುದು ಸಾಮಾನ್ಯವಾದ ವಿಧಾನ. ಆ ಕುಣಿಕೆಯನ್ನೇ ಆರಿಸಲು ಕಾರಣವಿದೆ: ಮೆದುಳುಕಾಂಡಕ್ಕೆ ಹೋಗುವ ಸಣ್ಣ ಕವಲುಗಳು ಅಲ್ಲಿ ಕಡಿಮೆ. ತಡೆ ಇನ್ನೂ ಮೇಲೆ, ಬೇಸಿಲರ್ ನಾಳದಲ್ಲಿದ್ದರೆ ಕಣತಲೆಯಲ್ಲಿ ಮಿಡಿಯುವ ಅಪಧಮನಿಯನ್ನು ತಂದು ಕಿರುಮೆದುಳಿನ ಮೇಲ್ಭಾಗದ ನಾಳಕ್ಕೆ ಅಥವಾ ಹಿಂಬದಿಯ ಹಾಲೆಗೆ ಹೋಗುವ ನಾಳಕ್ಕೆ ಜೋಡಿಸುತ್ತಾರೆ. ಹೆಚ್ಚಿನ ಹರಿವು ಬೇಕಾದಾಗ ಮುಂಗೈಯ ಅಪಧಮನಿಯ ಅಥವಾ ಕಾಲಿನ ಅಭಿಧಮನಿಯ ತುಂಡನ್ನು ಬಳಸುವುದೂ ಉಂಟು.

ಅತ್ತೆಯವರಿಗೆ ಪೂರ್ಣ ಅರಿವಳಿಕೆ ಕೊಟ್ಟು ಮಗ್ಗುಲಾಗಿ ಅಥವಾ ಬೋರಲಾಗಿ ಮಲಗಿಸಿರುತ್ತಾರೆ. ಹೊರಗಿನವರಿಗೆ ಹೊಲಿಗೆಯೇ ಕಷ್ಟದ ಘಟ್ಟವೆಂದು ತೋರಬಹುದು. ನಿಜಕ್ಕೂ ತಾಳ್ಮೆ ಬೇಡುವುದು ಅದಕ್ಕೂ ಮೊದಲಿನ ಕೆಲಸ. ಅಂಕುಡೊಂಕಾಗಿ ಸಾಗುವ ಆ ಅಪಧಮನಿಯನ್ನು ಕುತ್ತಿಗೆಯ ಸ್ನಾಯುಗಳಿಂದ ಎಲ್ಲಿಯೂ ಗಾಯವಾಗದಂತೆ ಬಿಡಿಸಿ ತೆಗೆಯಲು ಗಂಟೆಗಳೇ ಹಿಡಿಯಬಹುದು. ಆಮೇಲೆ ತಲೆಬುರುಡೆಯ ಹಿಂಭಾಗದ ಕೆಳತುದಿಯಲ್ಲಿ ಮೂಳೆಯ ಒಂದು ಭಾಗವನ್ನು ತೆಗೆದು, ಮೆದುಳಿನ ಹೊದಿಕೆಯನ್ನು ಬಿಡಿಸುತ್ತಾರೆ.

ಪೈಕಾ ನಾಳದ ಎರಡೂ ಬದಿಗೆ ಪುಟ್ಟ ಕ್ಲಿಪ್‌ಗಳು ಬಿದ್ದ ಗಳಿಗೆಯಿಂದ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ಒಬ್ಬ ನರ್ಸ್ ಮಾತ್ರ ಆಗಾಗ ಕಳೆದ ನಿಮಿಷಗಳನ್ನು ಹೇಳುತ್ತಿರುತ್ತಾರೆ. ನಾಳದ ಅಗಲ ಒಂದೂವರೆ ಮಿಲಿಮೀಟರ್ ಆಸುಪಾಸಿನದು. ಅದರ ಗೋಡೆ ಒದ್ದೆ ಕಾಗದದಂತೆ ಒಳಕ್ಕೆ ಕುಸಿಯುವುದರಿಂದ, ಅಂಚು ಕಾಣಲೆಂದು ನೀಲಿ ಬಣ್ಣದ ತೆಳು ಲೇಪ ಹಚ್ಚುತ್ತೇವೆ. ದಾರ ಕೂದಲಿಗಿಂತ ತೆಳುವಾದ ನೈಲಾನ್. ಬರಿಗಣ್ಣಿಗೆ ಅದು ಇದೆಯೋ ಇಲ್ಲವೋ ಎಂಬಂತೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಗ್ಗದಂತೆ. ಹತ್ತು ಹನ್ನೆರಡು ಹೊಲಿಗೆ, ಸುಮಾರು ಅರ್ಧ ಗಂಟೆ. ಒಂದು ಹೊಲಿಗೆ ಎದುರು ಗೋಡೆಯನ್ನು ಸೇರಿಸಿಕೊಂಡುಬಿಟ್ಟರೂ ದಾರಿ ಮುಚ್ಚಿಹೋಗುತ್ತದೆ. ಅಷ್ಟು ಹೊತ್ತು ಅರಿವಳಿಕೆ ತಜ್ಞರು ರಕ್ತದೊತ್ತಡ ಇಳಿಯದಂತೆ ಕಾಯುತ್ತಾರೆ, ಮೆದುಳಿನ ಹಸಿವು ತಗ್ಗುವಂತೆ ಔಷಧ ಕೊಡುತ್ತಾರೆ. ಕ್ಲಿಪ್‌ಗಳನ್ನು ಒಂದೊಂದಾಗಿ ಬಿಡಿಸಿದಾಗ ಖಾಲಿಯಾಗಿ ಬಿದ್ದಿದ್ದ ಬಿಳಿಚಿದ ನಾಳ ಮೊದಲು ಗುಲಾಬಿಯಾಗಿ, ಮತ್ತೆ ಕೆಂಪಾಗಿ, ಹೃದಯದ ಬಡಿತಕ್ಕೆ ಸರಿಯಾಗಿ ಮಿಡಿಯತೊಡಗುತ್ತದೆ. ಎಷ್ಟು ಸಲ ನೋಡಿದ್ದರೂ ಆ ನೋಟಕ್ಕೆ ನನ್ನ ಮನಸ್ಸು ತುಂಬಿ ಬರುತ್ತದೆ. ಆದರೆ ಅದನ್ನೇ ನಂಬಿ ಮುಗಿಸುವುದಿಲ್ಲ: ರಕ್ತಕ್ಕೆ ಹೊಳೆಯುವ ವರ್ಣದ್ರವ್ಯ ಬಿಟ್ಟು ಪರದೆಯ ಮೇಲೆ ಹರಿವನ್ನು ನೋಡುತ್ತೇವೆ, ಹರಿವು ಅಳೆಯುವ ಉಪಕರಣವನ್ನು ನಾಳಕ್ಕೆ ತಾಗಿಸಿ ಲೆಕ್ಕ ತೆಗೆಯುತ್ತೇವೆ, ಸಾಲದೆಂದು ಕಂಡರೆ ಹೊಲಿಗೆ ಬಿಚ್ಚಿ ಮತ್ತೆ ಹಾಕುತ್ತೇವೆ.

ಪ್ರಶ್ನೆ: ನನ್ನ ಅಕ್ಕನಿಗೆ ವಯಸ್ಸು 41. ರಕ್ತನಾಳ ಎಲ್ಲಿಯೂ ಕಟ್ಟಿಕೊಂಡಿಲ್ಲ. ಹಿಂಭಾಗದ ನಾಳದಲ್ಲಿ ಊತವಿದೆ, ಅದಕ್ಕೆ ಬೈಪಾಸ್ ಬೇಕು ಎನ್ನುತ್ತಾರೆ. ತಡೆಯೇ ಇಲ್ಲದ ಮೇಲೆ ಬೈಪಾಸ್ ಏಕೆ?

ಉತ್ತರ: ಅಕ್ಕನವರಿಗೆ ಇರುವುದು ಅನ್ಯೂರಿಸಂ. ಕುತ್ತಿಗೆ ಸಣ್ಣದಾಗಿ, ಚೀಲದಂತೆ ಪಕ್ಕಕ್ಕೆ ಉಬ್ಬಿದ ಅನ್ಯೂರಿಸಂ ಆದರೆ ಅದರ ಬುಡಕ್ಕೆ ಕ್ಲಿಪ್ ಹಾಕಬಹುದು ಅಥವಾ ಒಳಗೆ ಸುರುಳಿ ತುಂಬಬಹುದು. ಕೆಲವದರಲ್ಲಿ ನಾಳದ ಸುತ್ತಲೂ ಗೋಡೆಯೇ ಊದಿಕೊಂಡಿರುತ್ತದೆ. ಅಂಥದ್ದನ್ನು ಮುಚ್ಚಬೇಕಾದರೆ ನಾಳವನ್ನೇ ಮುಚ್ಚಬೇಕಾಗುತ್ತದೆ. ಮುಚ್ಚಿದ ಮೇಲೆ ಅದರಾಚೆಯ ಮೆದುಳಿಗೆ ರಕ್ತ ಬೇಕಲ್ಲ, ಅದಕ್ಕಾಗಿ ಮೊದಲು ಹೊಸ ದಾರಿ ಮಾಡಿಕೊಳ್ಳುವುದು. ಊತ ಪೈಕಾ ನಾಳದಲ್ಲಿದ್ದರೆ ಒಂದು ಸುಂದರವಾದ ಉಪಾಯವಿದೆ. ಎಡ ಮತ್ತು ಬಲ ಪೈಕಾಗಳ ಕುಣಿಕೆಗಳು ನಡುಗೆರೆಯ ಹತ್ತಿರ ಅಕ್ಕಪಕ್ಕದಲ್ಲಿಯೇ ಬರುವುದರಿಂದ, ಅವೆರಡರ ಮೈಯನ್ನು ಉದ್ದಕ್ಕೆ ಸೀಳಿ ಒಂದಕ್ಕೊಂದು ಹೊಲಿದರೆ ಆರೋಗ್ಯವಾಗಿರುವ ಬದಿಯ ನಾಳ ಎರಡೂ ಬದಿಗೆ ರಕ್ತ ಹಂಚುತ್ತದೆ. ಹೊರಗಿನ ನಾಳವನ್ನು ಬಿಡಿಸುವ ಶ್ರಮ ಅಲ್ಲಿ ಉಳಿಯುತ್ತದೆ. ಆದರೆ ಹೊಲಿಯುವಷ್ಟು ಹೊತ್ತು ಚೆನ್ನಾಗಿರುವ ನಾಳವನ್ನೂ ಕ್ಲಿಪ್ಪಿನಲ್ಲಿ ಇಡಬೇಕಾದ ಅಪಾಯ ಇದ್ದೇ ಇದೆ. ಯಾವುದು ಸೂಕ್ತವೆಂದು ಅಕ್ಕನವರ ಆಂಜಿಯೋಗ್ರಾಮ್ ನೋಡಿದವರು ಮಾತ್ರ ಹೇಳಬಲ್ಲರು. ತೂರುನಳಿಕೆಯ ಮೂಲಕ ಚಿಕಿತ್ಸೆ ಮಾಡುವ ತಜ್ಞರೂ ಶಸ್ತ್ರಚಿಕಿತ್ಸಕರೂ ಒಟ್ಟಿಗೆ ಕುಳಿತು ಆ ಚಿತ್ರಗಳನ್ನು ನೋಡಿದ್ದಾರೆಯೇ ಎಂದು ವಿಚಾರಿಸಿ.

ಪ್ರಶ್ನೆ: ನನಗೆ ಮೂರು ವಾರಗಳ ಹಿಂದೆ ಕಿವಿಯ ಹಿಂದಿನ ನಾಳ ಜೋಡಿಸಿ ಬೈಪಾಸ್ ಮಾಡಿದರು. ನೀರು ಕುಡಿದರೆ ಕೆಮ್ಮು ಬರುತ್ತದೆ. ಇದು ಸರಿಹೋಗುತ್ತದೆಯೇ? ಯಾವ ಎಚ್ಚರಿಕೆ ಬೇಕು? ಆಸ್ಪಿರಿನ್ ಎಷ್ಟು ದಿನ?

ಉತ್ತರ: ಪೈಕಾ ನಾಳ ನುಂಗುವಿಕೆಯ ನರಗಳನ್ನು ಸವರಿಕೊಂಡೇ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಆ ನರಗಳಿಗೆ ತಾಗಿದ ನೋವಿನಿಂದ ಕೆಲವರಿಗೆ ಸ್ವರ ಒಡೆಯುತ್ತದೆ, ತೆಳು ದ್ರವ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತದೆ. ಬಹಳ ಮಂದಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಇದು ಸುಧಾರಿಸುತ್ತದೆ. ಆದರೂ ಸಹಿಸಿಕೊಂಡು ಕುಡಿಯಬೇಡಿ. ಶ್ವಾಸಕೋಶಕ್ಕೆ ನೀರು ಸೇರಿ ನ್ಯುಮೋನಿಯಾ ಆಗಬಹುದು. ಈ ವಾರವೇ ನುಂಗುವಿಕೆಯ ಪರೀಕ್ಷೆ ಮಾಡಿಸಿಕೊಳ್ಳಿ. ಅದಾಗುವವರೆಗೆ ನೆಟ್ಟಗೆ ಕುಳಿತು, ಸಣ್ಣ ಗುಟುಕುಗಳಲ್ಲಿ ಕುಡಿಯಿರಿ. ದ್ರವವನ್ನು ಗಟ್ಟಿ ಮಾಡಿಕೊಳ್ಳಬೇಕೇ, ಗಲ್ಲವನ್ನು ಎದೆಗೆ ಬಾಗಿಸಬೇಕೇ ಎಂಬುದನ್ನು ಚಿಕಿತ್ಸಕರು ನಿಮ್ಮನ್ನು ನೋಡಿಯೇ ಹೇಳುತ್ತಾರೆ. ಜ್ವರ, ಕಫ, ಏದುಸಿರು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಗಾಯದಿಂದ ನೀರಿನಂಥ ತಿಳಿ ದ್ರವ ಒಸರಿದರೆ, ಗಾಯದ ಕೆಳಗೆ ಮೆತ್ತನೆ ಊದಿಕೊಂಡರೆ ಅದು ಮೆದುಳಿನ ಸುತ್ತಲಿನ ದ್ರವ ಸೋರಿಕೆಯಾಗಿರಬಹುದು. ತಲೆಯ ಹಿಂಭಾಗದ ಶಸ್ತ್ರಚಿಕಿತ್ಸೆಗಳಲ್ಲಿ ಇದು ಅಪರೂಪವಲ್ಲ, ನಿರ್ಲಕ್ಷಿಸಿದರೆ ಸೋಂಕು ಒಳಕ್ಕಿಳಿಯುತ್ತದೆ. ಚರ್ಮಕ್ಕೆ ಹೋಗುತ್ತಿದ್ದ ನಾಳವನ್ನು ಒಳಗೆ ಕೊಟ್ಟಿರುವುದರಿಂದ ಗಾಯದ ಅಂಚು ಕಪ್ಪಾಗುತ್ತಿದೆಯೇ ಎಂದು ಮನೆಯವರು ದಿನಕ್ಕೊಮ್ಮೆ ನೋಡಲಿ.

ಆಸ್ಪಿರಿನ್ ಸಾಮಾನ್ಯವಾಗಿ ಜೀವನಪರ್ಯಂತ. ಹಲ್ಲು ಕೀಳಿಸಲು ಹೋದಾಗ ಯಾರಾದರೂ ಅದನ್ನು ಕೆಲವು ದಿನ ನಿಲ್ಲಿಸಿ ಎಂದರೆ, ನಿಮ್ಮ ನರಶಸ್ತ್ರಚಿಕಿತ್ಸಕರನ್ನು ಕೇಳದೆ ನಿಲ್ಲಿಸಬೇಡಿ. ನೀರು ಕಡಿಮೆಯಾಗಿ ದೇಹ ಒಣಗದಂತೆ ನೋಡಿಕೊಳ್ಳಿ. ನುಂಗಲು ಕಷ್ಟವಿರುವಾಗ ಇದು ಮರೆತುಹೋಗುತ್ತದೆ, ಒಣಗಿದ ದೇಹದಲ್ಲಿ ಹೊಸ ನಾಳದ ಹರಿವು ಕುಗ್ಗುತ್ತದೆ.

ಗಾಯ ಮಾಗಿದ ಮೇಲೂ ಆ ಜಾಗಕ್ಕೆ ಬಿಗಿಯಾದ ಪಟ್ಟಿ, ಟೊಪ್ಪಿಗೆಯ ಅಂಚು, ಕನ್ನಡಕದ ದಾರ ಒತ್ತದಿರಲಿ. ಮಲಗುವಾಗ ಗಟ್ಟಿ ದಿಂಬಿನ ಮೇಲೆ ಆ ಬದಿಯನ್ನೇ ಊರಿ ಮಲಗಬೇಡಿ. ಕಿವಿಯ ಹಿಂದೆ ನಾಳದ ಮಿಡಿತ ಬೆರಳಿಗೆ ಸಿಗುವವರು ಅದನ್ನು ಮೇಲಿಂದ ಮೇಲೆ ಒತ್ತಿ ನೋಡುವುದುಂಟು. ಹಗುರವಾಗಿ ಬೆರಳು ತಾಗಿಸಿದರೆ ಸಾಕು, ಮಿಡಿತ ಸಿಗದಿದ್ದರೂ ಗಾಬರಿಯಾಗದೆ ಮುಂದಿನ ಸಿಟಿ ಆಂಜಿಯೋಗ್ರಾಮ್‌ಗೆ ಹೇಳಿದ ದಿನ ತಪ್ಪದೆ ಹೋಗಿ.